ಮೊದಲ ಮೂರು ತಿಂಗಳು ಪಕ್ಕದಲ್ಲಿ ಯಾರು ಕೂತಿದ್ದರು?

ನಮಸ್ಕಾರ ಸರ್,

ಪೀಣ್ಯದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. 24 ಜನರಿರುವ ಸಣ್ಣ ಕಾರ್ಖಾನೆ. ಅಕೌಂಟ್ಸ್ ನೋಡಿಕೊಳ್ಳಲು ಒಂದೂವರೆ ವರ್ಷದಲ್ಲಿ ಬಿಕಾಂ ಮುಗಿಸಿದ ನಾಲ್ವರನ್ನು ತೆಗೆದುಕೊಂಡಿರಿ. ನಾಲ್ವರೂ ಬಿಟ್ಟುಹೋದರು, ಒಬ್ಬನಂತೂ ಫೋನ್ ಸ್ವಿಚ್ ಆಫ್ ಮಾಡಿಕೊಂಡ. ‘ಈಗಿನವರಿಗೆ ಸಂಬಳ ಬೇಕು, ಕೆಲಸ ಬೇಡ. ಡಿಗ್ರಿ ಇದೆ, ಒಂದು ಬಿಲ್ ನೋಡೋಕೆ ಬರಲ್ಲ’ ಅಂತ ಬರೆದಿದ್ದೀರಿ.

ಹೇಳದೇ ಕೇಳದೇ ಹೋದದ್ದು ತಪ್ಪು. ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಅಷ್ಟರಲ್ಲಿ ಕುರ್ಚಿ ಖಾಲಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಬಿಲ್ ನೋಡೋದನ್ನು ಅವರು ಎಲ್ಲಿ ಕಲಿತಿರಬೇಕಿತ್ತು ಹೇಳಿ? ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆಯೋದು) ಅಂದರೇನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಚೆನ್ನಾಗಿಯೇ ಬರೆಯುತ್ತಾರೆ. ನಿಮ್ಮ ಖರೀದಿ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿ (ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ನೋಡೋದು, ಯಾವುದೋ ಬಿಲ್ ಅಲ್ಲಿ ಕಾಣದಿದ್ದರೆ ಸಪ್ಲೈಯರ್‌ಗೆ ಫೋನ್ ಮಾಡಿ ಬೆನ್ನು ಹತ್ತೋದು, ಇದೆಲ್ಲ ನಿಮ್ಮ ಆಫೀಸಿನಲ್ಲಿ ಕೂತೇ ಕಲಿಯಬೇಕಾದದ್ದು, ಅಲ್ವಾ? ಕೆಲಸಕ್ಕೆ ಬೇಕಾದ ಕೌಶಲ ಇರುವುದು ಯುವಜನರಲ್ಲಿ ಶೇ 51.25ರಷ್ಟು ಮಂದಿಗೆ ಅಂತ 2023-24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರಿಗೆ ಇಲ್ಲ. ಇಷ್ಟು ಜನರ ಕಥೆ ಹೀಗಿರುವಾಗ ಆ ನಾಲ್ವರನ್ನು ಸೋಮಾರಿಗಳು ಅನ್ನೋದು ನನಗೆ ಸರಿ ಕಾಣಲಿಲ್ಲ.

ಇಂಟರ್‌ವ್ಯೂನಲ್ಲಿ ಬಾಯೇ ಬಿಡಲ್ಲ ಅಂತಲೂ ಬರೆದಿದ್ದೀರಿ. ಯಾವ ಭಾಷೆಯಲ್ಲಿ ಕೇಳಿದಿರಿ? ನಮ್ಮ ಪತ್ರಿಕೆಯ ಇಂಟರ್‌ವ್ಯೂಗೆ ಹಾವೇರಿ ಜಿಲ್ಲೆಯ ಹುಡುಗಿಯೊಬ್ಬಳು ಬಂದಿದ್ದಳು. ಇಂಗ್ಲಿಷಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಗಂಟಲು ಕಟ್ಟಿತು, ಕಣ್ಣಲ್ಲಿ ನೀರು. ‘ಕನ್ನಡದಲ್ಲೇ ಹೇಳಮ್ಮ’ ಅಂದೆ. ಅವ್ವನ ಸ್ತ್ರೀಶಕ್ತಿ ಸಂಘದ ಉಳಿತಾಯ, ಸಾಲ, ಬಡ್ಡಿ ಎಲ್ಲ ಪಿಯುಸಿಯಿಂದಲೂ ತಾನೇ ಬರೆಯುತ್ತಿದ್ದದ್ದನ್ನು, ಒಂದು ಸಲ 40 ರೂಪಾಯಿ ತಾಳೆಯಾಗದೆ ರಾತ್ರಿ ಪೂರ್ತಿ ಪುಸ್ತಕ ಹಿಡಿದು ಕೂತದ್ದನ್ನು ಹೇಳುತ್ತಾ ಹೋದಳು. ಈಗ ನಮ್ಮ ಚಂದಾ ಲೆಕ್ಕವೆಲ್ಲ ಅವಳ ಕೈಯಲ್ಲಿದೆ. ಅವತ್ತು ಇಂಗ್ಲಿಷ್ ಸಾಲದು ಅಂತ ವಾಪಸ್ ಕಳಿಸಿದ್ದರೆ ನಷ್ಟ ನಮಗೇ ಆಗುತ್ತಿತ್ತು.

ಸಂಬಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ಕೊಡೋದು 18 ಸಾವಿರ. ಪಿಜಿ, ಊಟ, ಬಸ್ಸು ಕಳೆದು ಊರಿಗೆ ಎಷ್ಟು ಕಳಿಸಬಹುದು ಅಂತ ಒಮ್ಮೆ ಬರೆದು ನೋಡಿ. ಮೊದಲ ದಿನವೇ ಸಂಬಳ ಕೇಳುವ ಹುಡುಗ ಸೊಕ್ಕಿನವನು ಅಂತ ಆಮೇಲೆ ಅನ್ನಿಸಲಿಕ್ಕಿಲ್ಲ.

‘ಕಲಿಸಿ ಸಂಬಳವನ್ನೂ ಕೊಟ್ಟರೆ ಸಣ್ಣವರು ಉಳಿಯೋದು ಹೇಗೆ’ ಅನ್ನೋದು ನಿಜವಾದ ಪ್ರಶ್ನೆ. 1961ರ ಅಪ್ರೆಂಟಿಸ್ ಕಾಯ್ದೆ ಬರೀ ಐಟಿಐ ಹುಡುಗರಿಗೆ ಅಂತ ಎಷ್ಟೋ ಮಾಲೀಕರು ತಿಳಿದಿದ್ದಾರೆ. ಪದವೀಧರರನ್ನೂ ಅದರಡಿ ತೆಗೆದುಕೊಳ್ಳಬಹುದು. 30 ಜನರಿಗಿಂತ ಕಡಿಮೆ ಇರುವ ನಿಮ್ಮಂಥ ಕಡೆ ಕಡ್ಡಾಯವೇನಲ್ಲ. ಕೇಂದ್ರದ ಎನ್‌ಎಟಿಎಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಾಯಿಸಿ ತೆಗೆದುಕೊಂಡರೆ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಸರ್ಕಾರ ಭರಿಸುತ್ತದೆ. ಆದರೆ ಅರ್ಧ ಸಂಬಳಕ್ಕೆ ಆಳು ಸಿಕ್ಕ ಅಂತ ಝೆರಾಕ್ಸ್ ಮಾಡಿಸುತ್ತಾ ವರ್ಷ ಕಳೆಯಬೇಡಿ, ದಯವಿಟ್ಟು.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಕೊನೆಗಿದೆ. 1988ರಲ್ಲಿ ಲೇತ್ ಮುಂದೆ ನಿಂತಾಗ ಕಡೆಯಲು ಕೊಟ್ಟ ಎಷ್ಟೋ ಬಿಡಿಭಾಗ ಕೆಡಿಸಿದಿರಿ, ಮೇಸ್ತ್ರಿ ಬೈದರು, ಮತ್ತೆ ಕೈ ಹಿಡಿದು ತೋರಿಸಿದರು ಅಂದಿದ್ದೀರಿ. ಆ ನಾಲ್ವರಿಗೆ ನಿಮ್ಮಲ್ಲಿ ಅಂಥ ಮೇಸ್ತ್ರಿ ಯಾರಿದ್ದರು? ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ.

ಮುಂದಿನ ತಿಂಗಳು ಐದನೆಯವಳು ಬರುತ್ತಾಳಂತೆ. ಅವಳು ಹಾಕುವ ಮೊದಲ ರಿಟರ್ನ್ ದಿನ ನಿಮ್ಮ ಹಳೇ ಅಕೌಂಟೆಂಟ್ ಅವರನ್ನು ಅರ್ಧ ದಿನ ಪಕ್ಕದಲ್ಲಿ ಕೂರಿಸಿ. ಮೂರು ತಿಂಗಳಾದ ಮೇಲೆ ಹೇಗಾಯಿತು ಅಂತ ಬರೆಯಿರಿ. ಅವಳಿಗೂ ಬರೆಯೋಕೆ ಹೇಳಿ, ಎರಡೂ ಪತ್ರ ಹಾಕುತ್ತೇವೆ.

ಸಂಪಾದಕ