ಸ್ಪ್ಯಾನಿಷ್ ಬರದಿದ್ದರೂ ಸ್ಪ್ಯಾನಿಷ್ ಚಾನೆಲ್ ಯಾಕೆ?

ನಿಮ್ಮ ಅಮೆರಿಕನ್ ರೂಮ್‌ಮೇಟ್‌ಗೆ ಒಂದಕ್ಷರ ಸ್ಪ್ಯಾನಿಷ್ ಬರಲ್ಲ, ಆದರೂ ಫುಟ್‌ಬಾಲ್ ಮಾತ್ರ ಸ್ಪ್ಯಾನಿಷ್ ಚಾನೆಲ್ ಟೆಲೆಮುಂಡೊದಲ್ಲೇ ನೋಡುತ್ತಾನೆ, ಯಾಕೆ ಅಂತ ಕೇಳಿದ್ದೀರಿ. ಮೊದಲ ಕಾರಣ ದುಡ್ಡು. 2018ರಿಂದ ಅಮೆರಿಕದಲ್ಲಿ ವಿಶ್ವಕಪ್‌ನ ಇಂಗ್ಲಿಷ್ ಪ್ರಸಾರ ಫಾಕ್ಸ್‌ನದ್ದು, ಸ್ಪ್ಯಾನಿಷ್ ಟೆಲೆಮುಂಡೊದ್ದು. ಫಾಕ್ಸ್ ಹಲವು ಪಂದ್ಯಗಳನ್ನು ಕೇಬಲ್ ಚಾನೆಲ್‌ಗೆ ಹಾಕುತ್ತದೆ. ಟೆಲೆಮುಂಡೊ ಬರುವ ಊರಾದರೆ ಕಿಟಕಿಗೆ ಒಂದು ಆಂಟೆನಾ ಅಂಟಿಸಿದರೆ ಸಾಕು, ಪುಕ್ಕಟೆ. ಸ್ಟ್ರೀಮಿಂಗ್ ಥರ ತಡವೂ ಆಗಲ್ಲ. ಪಕ್ಕದ ಮನೆಯವರು ಕೂಗಿದ ಮೇಲೆ ನಮ್ಮ ಟಿವಿಯಲ್ಲಿ ಗೋಲ್ ಆಗೋದು ಎಂಥಾ ಕರ್ಮ, ಅಲ್ವಾ?

ಇದು ಹಳೇ ಅಭ್ಯಾಸವೂ ಹೌದು. 1990ರ ವಿಶ್ವಕಪ್‌ನಲ್ಲಿ ಇಂಗ್ಲಿಷ್‌ನ ಟಿಎನ್‌ಟಿ ಚಾನೆಲ್ ಆಟ ನಡೆಯುತ್ತಿರುವಾಗಲೇ ಜಾಹೀರಾತು ಹಾಕುತ್ತಿತ್ತು. ಬೇಸತ್ತವರು ಸ್ಪ್ಯಾನಿಷ್‌ನ ಯೂನಿವಿಷನ್‌ಗೆ ತಿರುಗಿಸಿದರು. ಅಲ್ಲಿ ಸಿಕ್ಕವರು ಅರ್ಜೆಂಟೀನಾ ಮೂಲದ ಕಾಮೆಂಟೇಟರ್ ಆಂದ್ರೆಸ್ ಕಾಂತೋರ್. ಅವರ 'ಗೋ...ಲ್' ಉಸಿರು ಮುಗಿಯುವವರೆಗೂ ಎಳೆಯುತ್ತದೆ. ಅದಕ್ಕೆ ಅನುವಾದ ಯಾಕೆ ಬೇಕು ಹೇಳಿ? ಚೆಂಡು ಗೋಲಿನ ಹತ್ತಿರ ಬಂದ ಹಾಗೆ ದನಿ ಏರುತ್ತದೆ. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ಆ ದನಿ ಕೇಳಿಯೇ ಸೌಟು ಬಿಟ್ಟು ಓಡಿಬಂದಿದ್ದೇನೆ.

ನೀವೂ ಸುಮ್ನೆ ಕೂತು ನೋಡಿ. 'ಫ್ವೇರಾ ದೆ ಹ್ವೇಗೊ' ಅಂದರೆ ಆಫ್‌ಸೈಡ್, 'ತಿರೊ ದೆ ಎಸ್ಕೀನಾ' ಅಂದರೆ ಕಾರ್ನರ್, 'ಪೊರ್ತೇರೊ' ಅಂದರೆ ಗೋಲ್‌ಕೀಪರ್. ನಾಲ್ಕು ಪಂದ್ಯದಲ್ಲಿ ಇಷ್ಟು ತಾನಾಗೇ ಬರುತ್ತೆ. ಪಂದ್ಯದ ನಂತರದ ಚರ್ಚೆ ಮಾತ್ರ ಅರ್ಥವಾಗಲ್ಲ. ಇಂಗ್ಲಿಷ್‌ನಲ್ಲೂ ಅದನ್ನು ಯಾರು ಕೇಳ್ತಾರೆ ಬಿಡಿ!