ಓದುಗರ ಪ್ರಶ್ನೆ: ಬ್ಯಾಲೆನ್ಸ್ ಕರಗಿಸುತ್ತಿದ್ದ ಗುಂಡಿ

ಪ್ರಶ್ನೆ: ನನ್ನ ಹಳೆಯ ಮೊಬೈಲಿನಲ್ಲಿ ಅರಿಯದೆ ಒಂದು ಗುಂಡಿ ಒತ್ತಿದರೂ ಇಂಟರ್ನೆಟ್ ತೆರೆದು ಬ್ಯಾಲೆನ್ಸ್ ಕರಗುತ್ತಿತ್ತು, ಕನ್ನಡದ ಪುಟಗಳಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಇದಕ್ಕೆ ಕಾರಣವೇನು?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: 1999ರ ನೋಕಿಯಾ 7110ರಂತಹ ಮೊದಲ ವ್ಯಾಪ್ (ಮೊಬೈಲಿನ ಪುಟ್ಟ ಪರದೆಗೆಂದೇ ರೂಪಿಸಿದ ಸರಳ ಇಂಟರ್ನೆಟ್ ವ್ಯವಸ್ಥೆ) ಫೋನುಗಳು ಇಂಟರ್ನೆಟ್ಟಿಗೂ ಮಾಮೂಲಿ ಕರೆಯಂತೆಯೇ ಡಯಲ್ ಮಾಡುತ್ತಿದ್ದುದರಿಂದ, ಬಂದ ನಾಲ್ಕು ಸಾಲನ್ನು ಓದುತ್ತ ಸುಮ್ಮನೆ ಕುಳಿತರೂ ಸಂಪರ್ಕದ ಸಮಯಕ್ಕೆ ಹಣ ತೆರಬೇಕಾಗುತ್ತಿತ್ತು. ಅನಂತರ ಬಂದ ಜಿಪಿಆರ್‌ಎಸ್ ಎಂಬ ಮೊಬೈಲ್ ಡೇಟಾ ಸೇವೆಯಲ್ಲಿ ಸಮಯಕ್ಕೆ ಬದಲಾಗಿ ಕಿಲೋಬೈಟ್‌ಗಳ ಲೆಕ್ಕ ಬಂದಿತಾದರೂ, ಆ ಗುಂಡಿ ಮಾತ್ರ ಹೆಬ್ಬೆರಳಿಗೆ ಸಿಗುವಲ್ಲಿಯೇ ಉಳಿಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನೊಳಗೇ ಅದು ಒತ್ತಿಹೋಗಿ, ಗಾಬರಿಯಿಂದ ಕೆಂಪು ಗುಂಡಿಯನ್ನು ಅದುಮಿದವರಲ್ಲಿ ನಾನೂ ಒಬ್ಬ.

ಚೌಕಗಳ ಕಥೆಯೇ ಬೇರೆ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಆ ಫೋನುಗಳಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಗುರುತು ಸಿಗದ ಪ್ರತಿ ಅಕ್ಷರಕ್ಕೂ ಫೋನು ಒಂದು ಖಾಲಿ ಚೌಕವನ್ನು ಮೂಡಿಸುತ್ತಿತ್ತು. ಫಾಂಟ್ ಒಂದಿದ್ದರೂ ಸಾಲದು, ಒತ್ತಕ್ಷರವನ್ನು ಕೆಳಗೆ ಕೂರಿಸುವ ತಂತ್ರಾಂಶವೂ ಬೇಕು. ಅದಿಲ್ಲದಿದ್ದರೆ ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಆದ್ದರಿಂದಲೇ ಆಗ ನಾವೆಲ್ಲ ‘ಊಟ ಆಯ್ತಾ’ ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುತ್ತಿದ್ದುದು.