ಓದುಗರ ಪ್ರಶ್ನೆ: ಹಡಗಿನ ಕಾನೂನು ಓದಲಾ, ಸಮುದ್ರದ ಕಾನೂನು ಓದಲಾ?

ಪ್ರಶ್ನೆ: ಧಾರವಾಡದಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪನದು ಒಂದು ಮೀನುಗಾರಿಕೆ ಬೋಟ್ ಇದೆ. ಸಮುದ್ರಕ್ಕೆ ಸಂಬಂಧಪಟ್ಟ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡುವ ಆಸೆ. ಒಬ್ಬರು ಮಾರಿಟೈಮ್ ಲಾ ಮಾಡು ಅನ್ನುತ್ತಾರೆ, ಇನ್ನೊಬ್ಬರು ಲಾ ಆಫ್ ದ ಸೀ, ಮತ್ತೊಬ್ಬರು ಓಶನ್ ಗವರ್ನೆನ್ಸ್. ಏಜೆಂಟ್ ಒಬ್ಬರು ಇಂಗ್ಲೆಂಡಿನಲ್ಲಿ ಸೀಟು ಕೊಡಿಸುತ್ತೇನೆ, ಬೇಗ ತೀರ್ಮಾನ ಮಾಡಿ ಅನ್ನುತ್ತಿದ್ದಾರೆ. ಯಾವುದು ಸರಿ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ಏಜೆಂಟರ ಅವಸರ ಕಮಿಷನ್ನಿನ ಅವಸರ. ಅವರು ಕಾಯಲಿ ಬಿಡಿ.

ನಾನು ಮಂಗಳೂರಿನಲ್ಲಿ ಹಡಗು, ಸರಕು ವಿಮೆ ಕೇಸುಗಳನ್ನು ನಡೆಸುವ ವಕೀಲ. ನಿಮ್ಮಂಥವರು ಕೇಳಿದಾಗಲೆಲ್ಲ ನಾನು ಕೊಡುವ ಉದಾಹರಣೆ ನಮ್ಮ ಕಡಲಲ್ಲೇ ಇದೆ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಅನ್ನುವ ಹಡಗು ಮುಳುಗಿತಲ್ಲ, ನೆನಪಿದೆಯಾ? ಚೀನಾದಿಂದ ಲೆಬನಾನಿಗೆ ಹೊರಟಿತ್ತು. ಒಳಗೆ ಸುಮಾರು 8000 ಟನ್ ಸ್ಟೀಲ್ ಕಾಯಿಲ್. ಸಿರಿಯಾದ 15 ಮಂದಿ ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು.

ಇಂಥ ಹಡಗು ಮುಳುಗಿದರೆ ಎಷ್ಟು ಬಗೆಯ ಜಗಳ ಹುಟ್ಟಬಹುದು ನೋಡಿ. ಸ್ಟೀಲ್ ಕಳೆದುಕೊಂಡವರು, ಹಡಗಿನ ಮಾಲೀಕರು, ವಿಮಾ ಕಂಪನಿ, ಇವರ ನಡುವಿನದು ಒಂದು. ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಏರಿತು ಅನ್ನುವ ರಸೀದಿ ಪತ್ರ), ಚಾರ್ಟರ್ ಪಾರ್ಟಿ (ಹಡಗನ್ನು ಬಾಡಿಗೆಗೆ ಪಡೆಯುವ ಕರಾರು) ಎಲ್ಲ ಇಲ್ಲೇ ಬರುತ್ತವೆ. ಇದು ಹಡಗಿನ ಕಾನೂನು, ನಿಮಗೆ ಹೇಳಿದ ಮಾರಿಟೈಮ್ ಲಾ. ಮುಳುಗಿದ ಹಡಗನ್ನು ಎತ್ತುವವರು ಯಾರು, ಎಣ್ಣೆ ಸೋರಿದರೆ ಖರ್ಚು ಯಾರದು ಅನ್ನುವುದಕ್ಕೆ ಅಂತಾರಾಷ್ಟ್ರೀಯ ಒಪ್ಪಂದಗಳಿವೆ. ಅವಶೇಷ ತೆರವಿಗೇ ಒಂದು, 2007ರ ನೈರೋಬಿ ಒಪ್ಪಂದ. ದಡದಿಂದ ಎಷ್ಟು ದೂರದವರೆಗೆ ಭಾರತದ ಮಾತು ನಡೆಯುತ್ತದೆ? 12 ನಾಟಿಕಲ್ ಮೈಲಿಯೊಳಗೆ ಒಂದು ಲೆಕ್ಕ, 200ರವರೆಗೆ ಬೇರೆ ಲೆಕ್ಕ. ಇದು 1982ರ ವಿಶ್ವಸಂಸ್ಥೆ ಒಪ್ಪಂದದ ಸಂಗತಿ, ಅಂದರೆ ಲಾ ಆಫ್ ದ ಸೀ. ಇನ್ನು ಬಲೆ ಹರಿದ ಮೀನುಗಾರನ ನಷ್ಟ, ಬಂದರು ಎಲ್ಲಿ ಬೇಕು ಎಲ್ಲಿ ಬೇಡ ಅನ್ನುವುದು, ಇವೆಲ್ಲ ಓಶನ್ ಗವರ್ನೆನ್ಸ್, ಅಂದರೆ ಸಾಗರ ಆಡಳಿತದ ಕಡೆಗೆ ಹೋಗುತ್ತವೆ.

ಈ ಜಗಳಗಳಲ್ಲಿ ಯಾವುದರಲ್ಲಿ ನಿಮಗೆ ಕೂರಬೇಕು ಅನ್ನಿಸುತ್ತದೆ? ಅದನ್ನು ತೀರ್ಮಾನಿಸಿದರೆ ಕಾಲೇಜು ತಾನಾಗೇ ಸಿಗುತ್ತದೆ. ಮೊದಲನೆಯದಾದರೆ ಬ್ರಿಟನ್ನಿನ ಸೌತಾಂಪ್ಟನ್, ಸ್ವಾನ್ಸಿ. ಎರಡೂ ಕಡೆ ಹಡಗಿನ ಕಾನೂನಿಗೇ ಪ್ರತ್ಯೇಕ ಸಂಸ್ಥೆಗಳಿವೆ, ಒಂದು ವರ್ಷದ ಎಲ್‌ಎಲ್‌ಎಂ. ಇಂಗ್ಲಿಷ್ ಕಾನೂನಿಗೆ ಈ ವ್ಯಾಪಾರದಲ್ಲಿ ಇನ್ನೂ ದೊಡ್ಡ ಬೆಲೆ, ಯಾಕೆಂದರೆ ಬಹಳಷ್ಟು ಚಾರ್ಟರ್ ಪಾರ್ಟಿಗಳು ವಿವಾದವನ್ನು ಲಂಡನ್ನಿಗೇ ಒಯ್ಯುತ್ತವೆ. ಆದರೆ ಫೀಸು ಜಾಸ್ತಿ. ದೇಶ ದೇಶಗಳ ನಡುವಿನ ಸಮುದ್ರದ ಕಾನೂನು ಬೇಕಾದರೆ ನಾರ್ವೆಯ ಟ್ರೊಮ್ಸೊ.

ನಿಮ್ಮ ಪತ್ರ ಓದಿದ ಮೇಲೆ ನನ್ನ ಮನಸ್ಸು ಹೋಗಿದ್ದು ಮಾತ್ರ ಮಾಲ್ಟಾ ಕಡೆಗೆ. ಅಲ್ಲಿ ಇಂಟರ್‌ನ್ಯಾಷನಲ್ ಮಾರಿಟೈಮ್ ಲಾ ಇನ್‌ಸ್ಟಿಟ್ಯೂಟ್ ಇದೆ. ಹಡಗು ಸಾರಿಗೆಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗ ಐಎಂಒ 1988ರಲ್ಲಿ ಶುರುಮಾಡಿದ್ದು. ಹಡಗಿನ ಕಾನೂನು, ಸಮುದ್ರದ ಕಾನೂನು ಎರಡನ್ನೂ ಒಂದೇ ವರ್ಷದಲ್ಲಿ ಅರೆಯುತ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು. ಪ್ರತಿ ವಿದ್ಯಾರ್ಥಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಹಿಡಿದು, ಅದನ್ನು ತನ್ನ ದೇಶದ ಕಾನೂನಾಗಿಸುವ ಕರಡನ್ನು ಕಲಮು ಕಲಮಾಗಿ ಬರೆಯಬೇಕು. ಪರೀಕ್ಷೆಗೆ ಉರು ಹೊಡೆದು ಪಾಸಾದವರು ಅಲ್ಲಿ ಒದ್ದಾಡುತ್ತಾರೆ. ಅರ್ಧದಷ್ಟು ಸೀಟು ಹೆಣ್ಣುಮಕ್ಕಳಿಗೇ ಮೀಸಲು ಅಂತ ಸಂಸ್ಥೆಯ ನಿಯಮವೇ ಹೇಳುತ್ತದೆ. ಸರ್ಕಾರಗಳು ಕಳಿಸುವ ಅಧಿಕಾರಿಗಳು ಜಾಸ್ತಿ ಇರುವ ಜಾಗವದು, ಹಾಗಾಗಿ ಕೆಲಸದ ಅನುಭವ ಇದ್ದರೆ ನಿಮ್ಮ ಅರ್ಜಿಗೆ ತೂಕ ಬರುತ್ತದೆ.

ಅದಕ್ಕೇ ಹೇಳುವುದು, ವಕೀಲಿ ಸನ್ನದು ತೆಗೆದುಕೊಂಡು ಎರಡು ವರ್ಷ ಮುಂಬೈಯಲ್ಲೋ ಕೊಚ್ಚಿಯಲ್ಲೋ ಹಡಗಿನ ಕೇಸು ಮಾಡುವವರ ಆಫೀಸಿನಲ್ಲಿ ಕೂರಿ. ಕರ್ನಾಟಕದಲ್ಲೂ ದಾರಿ ಇದೆ. 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹಡಗಿನ ವ್ಯಾಜ್ಯಗಳಿಗೆ ಸಂಬಂಧಪಟ್ಟ ಅಡ್ಮಿರಾಲ್ಟಿ ಕಾಯ್ದೆ ನಮ್ಮ ಹೈಕೋರ್ಟಿಗೂ ಹಡಗನ್ನು ಅರೆಸ್ಟ್ ಮಾಡುವ, ಅಂದರೆ ಹೊರಡದಂತೆ ತಡೆದು ನಿಲ್ಲಿಸುವ ಅಧಿಕಾರ ಕೊಟ್ಟಿದೆ. ಸಮುದ್ರ ಇರುವುದು ಕರಾವಳಿಯಲ್ಲಿ, ಹಡಗು ಹಿಡಿಯುವ ಆದೇಶಕ್ಕೆ ಬೆಂಗಳೂರಿಗೆ ಬಸ್ಸು ಹತ್ತಬೇಕು, ಅದು ಬೇರೆ ಮಾತು. ಕೇಸುಗಳು ಮುಂಬೈಯಲ್ಲೇ ಜಾಸ್ತಿ.

ಇನ್ನೊಂದು. ಸೀನಿಯರ್‌ಗಳ ಹಳೇ ಪುಸ್ತಕ ಅಗ್ಗಕ್ಕೆ ಸಿಗುತ್ತದೆ ಅಂತ ಕೊಳ್ಳಬೇಡಿ. 1856ರ ಬಿಲ್ಸ್ ಆಫ್ ಲೇಡಿಂಗ್ ಕಾಯ್ದೆ, 1908ರ ಬಂದರು ಕಾಯ್ದೆ, 1925ರ ಸರಕು ಸಾಗಣೆ ಕಾಯ್ದೆ, 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ, ಇವೆಲ್ಲಕ್ಕೂ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿದೆ. ಕರಾವಳಿ ಸಾಗಣೆಗೇ ಬೇರೆ ಕಾಯ್ದೆಯೂ ಬಂದಿದೆ. ಮೂವತ್ತು ವರ್ಷ ವಕೀಲಿ ಮಾಡಿದವರೂ ಈಗ ನಿಮ್ಮ ಹಾಗೆ ಮೊದಲ ಪುಟದಿಂದ ಓದುತ್ತಿದ್ದಾರೆ. ಹೊಸಬರಿಗೆ ಇಂಥ ಸಮಯ ಮತ್ತೆ ಸಿಗುವುದು ಕಷ್ಟ.

ಪ್ರಶ್ನೆ: ವಿದೇಶಿ ಕಂಪನಿಯ ಹಡಗಿನಲ್ಲಿ ಸೆಕೆಂಡ್ ಆಫೀಸರ್. ನಾಟಿಕಲ್ ಸೈನ್ಸ್ ಬಿಎಸ್‌ಸಿ ಆಗಿದೆ, ಕಾನೂನು ಓದಿಲ್ಲ. ದಡಕ್ಕೆ ಬಂದು ಈ ಕಡೆ ತಿರುಗಬಹುದಾ?
– ಓದುಗ, ಉಡುಪಿ

ಉತ್ತರ: ಖಂಡಿತ. ಸ್ವೀಡನ್ನಿನ ಮಾಲ್ಮೊದಲ್ಲಿರುವ ವರ್ಲ್ಡ್ ಮಾರಿಟೈಮ್ ಯೂನಿವರ್ಸಿಟಿ ನೋಡಿ. ಇದನ್ನೂ ಐಎಂಒ ಶುರುಮಾಡಿದ್ದು, 1983ರಲ್ಲಿ. 14 ತಿಂಗಳ ಎಂಎಸ್‌ಸಿ. ಅದರೊಳಗೆ ಮಾರಿಟೈಮ್ ಲಾ ಮತ್ತು ಪಾಲಿಸಿ ಒಂದು ವಿಭಾಗ, ಸಾಗರ ಆಡಳಿತ ಮತ್ತೊಂದು. ಲಾ ಡಿಗ್ರಿ ಬೇಕೇ ಬೇಕು ಅಂತಿಲ್ಲ. ಜಪಾನಿನ ಸಸಕಾವಾ ಫೆಲೋಶಿಪ್ ಸಿಕ್ಕಿದರೆ ಖರ್ಚಿನ ಚಿಂತೆ ಕಮ್ಮಿ, ಪೈಪೋಟಿ ಜೋರು.

ಆದರೆ ನನ್ನ ಮಾತು ಕೇಳುವುದಾದರೆ ಈಗಲೇ ಇಳಿಯಬೇಡಿ. ಸಾಧ್ಯವಾದರೆ ಮಾಸ್ಟರ್ ಟಿಕೆಟ್ (ಕ್ಯಾಪ್ಟನ್ ಆಗುವ ಅರ್ಹತೆ), ಇಲ್ಲವೆಂದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಚೀಫ್ ಮೇಟ್ ಮುಗಿಸಿ. ವಿಮಾ ಕ್ಲಬ್‌ಗಳ (ಹಡಗು ಮಾಲೀಕರೇ ಸೇರಿ ನಡೆಸುವ ವಿಮಾ ಸಂಘಗಳ) ಕ್ಲೇಮ್ಸ್ ವಿಭಾಗ, ಸರ್ವೆ, ಅಪಘಾತದ ತನಿಖೆ, ಎಲ್ಲ ಕಡೆ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ ನಿಂತವರ ಮಾತಿಗೆ ಬೆಲೆ ಬೇರೆ. ಲಾಗ್ ಬುಕ್ಕಿನಲ್ಲಿ ಯಾವ ಸಾಲು ಆಮೇಲೆ ಸೇರಿಸಿದ್ದು ಅಂತ ನಿಮಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾನು ಅದಕ್ಕೆ ನಿಮ್ಮಂಥವರನ್ನೇ ಕರೆಸಬೇಕು, ದುಡ್ಡು ಕೊಟ್ಟು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮಾರಿಟೈಮ್ ಎಲ್‌ಎಲ್‌ಎಂ ಮಾಡಿದರೆ ಅಲ್ಲೇ ವಕೀಲಿ ಮಾಡಬಹುದಲ್ವಾ?
– ಓದುಗ, ಶಿವಮೊಗ್ಗ

ಉತ್ತರ: ಬರೀ ಎಲ್‌ಎಲ್‌ಎಂನಿಂದ ಆಗುವುದಿಲ್ಲ. ಅಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು 2021ರಿಂದ ಎಸ್‌ಕ್ಯೂಇ ಅನ್ನುವ ಬೇರೆ ಪರೀಕ್ಷೆ ಇದೆ. ಅದರ ಫೀಸೂ ಬೇರೆ. ಎಲ್‌ಎಲ್‌ಎಂ ಮುಗಿಸಿ ಊರಿಗೆ ಬಂದು ಇಲ್ಲಿ ಕೋರ್ಟಿಗೆ ಹೋಗಬೇಕೆಂದರೂ ಬಾರ್ ಕೌನ್ಸಿಲ್ ಸನ್ನದು ಬೇಕು. ಹೊರಡುವ ಮುಂಚೆಯೇ ಅದನ್ನು ಮಾಡಿಸಿಕೊಂಡು ಹೋಗಿ.